ಅರ್ಧ ಮೇಲಂಗಿಯ ಗುರುಗಳು

(ಸಂತ ಮಾರ್ಟಿನ್ನರ ಹಬ್ಬ, ನವೆಂಬರ್ 11: ಪ್ರಬೋಧನೆ)



ನಮ್ಮದು ಕೋಟೆಗಳ ಸೀಮೆ. ಮಧುಗಿರಿ ಬೆಟ್ಟದ ಮೇಲೊಂದು ಕೋಟೆ, ಪಾವಗಡದ ಬೆಟ್ಟದ ಮೇಲೊಂದು, ಶಿರಾದ ಬಯಲಿನಲ್ಲೊಂದು. ಅವುಗಳನ್ನು ಕಟ್ಟಿದವರ, ಗೆದ್ದವರ ಹೆಸರುಗಳನ್ನು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಆದರೆ ಆ ಗೋಡೆಗಳ ಬುಡದಲ್ಲಿ ಗಾಯಗೊಂಡು ಬಿದ್ದ ಸಿಪಾಯಿಯ ಬಾಯಿಗೆ ನೀರು ಬಿಟ್ಟವರು ಯಾರು? ಅಂಥವರ ಹೆಸರನ್ನು ಚರಿತ್ರೆ ಬರೆದಿಡುವುದು ಅಪರೂಪ.

ಸಂತ ಮಾರ್ಟಿನ್ನರು 4ನೇ ಶತಮಾನದ ರೋಮನ್ ಸೈನಿಕರು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ಕತ್ತಿಯಿಂದ ತಮ್ಮ ಮೇಲಂಗಿಯನ್ನು ಎರಡು ಮಾಡಿ ಅರ್ಧವನ್ನು ಅವನಿಗೆ ಹೊದಿಸಿದರು. ಆಗ ಅವರಿಗಿನ್ನೂ ಜ್ಞಾನಸ್ನಾನವೂ ಆಗಿರಲಿಲ್ಲ. ಮುಂದೆ ಸೇನೆಯನ್ನು ತೊರೆದು ಟೂರ್ಸ್ ನಗರದ ಧರ್ಮಾಧ್ಯಕ್ಷರಾದರು. ಲ್ಯಾಟಿನ್ ಭಾಷೆಯಲ್ಲಿ ಆ ಮೇಲಂಗಿಗೆ 'ಕಾಪ್ಪಾ' ಎನ್ನುತ್ತಾರೆ. ಫ್ರಾಂಕರ ರಾಜರು ಅದನ್ನು ಯುದ್ಧಕ್ಕೆ ಹೊತ್ತೊಯ್ಯುತ್ತಿದ್ದರು. ಅದನ್ನು ಕಾಯುತ್ತಿದ್ದ ಗುರುಗಳಿಂದಲೇ 'ಚಾಪ್ಲಿನ್' ಎಂಬ ಪದ ಬಂತು. ಸೇನಾ ಗುರುವಿನ ಹೆಸರು ಹುಟ್ಟಿದ್ದು ಕತ್ತಿಯಿಂದಲ್ಲ, ಹಂಚಿಕೊಂಡ ಬಟ್ಟೆಯಿಂದ!

ಬೆಂಗಳೂರಿನ ಸಂತ ಪ್ಯಾಟ್ರಿಕ್ಕರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 1840ರ ದಶಕದಲ್ಲಿ ದಂಡಿನ ಐರಿಷ್ ಕಥೋಲಿಕ ಸೈನಿಕರಿಗಾಗಿ ಎದ್ದ ದೇವಾಲಯವದು. ಅದೇ ಐರ್ಲೆಂಡಿನ ಯೇಸುಸಭೆಯ ಗುರು ವಿಲಿಯಂ ಡಾಯ್ಲ್ ಅವರು ಮೊದಲನೆಯ ಮಹಾಯುದ್ಧದಲ್ಲಿ ಸೇನಾ ಗುರುಗಳಾದರು. ಗಾಯಾಳುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಅವರು 1917ರ ಆಗಸ್ಟ್ 16ರಂದು ಬೆಲ್ಜಿಯಂನಲ್ಲಿ ಶೆಲ್ಲಿಗೆ ಬಲಿಯಾದರು. ಅವರ ದೇಹವೂ ದೊರೆಯಲಿಲ್ಲ. ಅದೇ ತಿಂಗಳು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಆ ಯುದ್ಧವನ್ನು ವ್ಯರ್ಥ ನರಸಂಹಾರವೆಂದು ಕರೆದಿದ್ದರು. ಕೊನೆಗೆ ಬಂದೂಕುಗಳು ಮೌನವಾದದ್ದು 1918ರ ನವೆಂಬರ್ 11ರಂದು, ಸಂತ ಮಾರ್ಟಿನ್ನರ ಹಬ್ಬದ ದಿನವೇ.

ಇನ್ನೊಬ್ಬರು ಅಮೆರಿಕದ ರೈತ ಕುಟುಂಬದ ಗುರು ಎಮಿಲ್ ಕಪೌನ್. 1950ರ ನವೆಂಬರಿನಲ್ಲಿ ಕೊರಿಯಾ ಯುದ್ಧದಲ್ಲಿ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಗಾಯಾಳುಗಳನ್ನು ಬಿಟ್ಟು ಹೋಗದೆ ಸೆರೆಯಾದರು. ಸೆರೆಶಿಬಿರದಲ್ಲಿ ರೋಗಿಗಳ ಹೊಲಸು ಬಟ್ಟೆ ಒಗೆದರು, ತಗಡು ಬಡಿದು ಪಾತ್ರೆ ಮಾಡಿ ನೀರು ಕಾಯಿಸಿದರು, ಹಸಿದವರಿಗೆ ಆಹಾರ ತಂದುಕೊಟ್ಟರು. 1951ರ ಮೇ 23ರಂದು ತಮ್ಮ 35ನೆಯ ವಯಸ್ಸಿನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. 2025ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು.

ನಮ್ಮ ಭಾರತೀಯ ಸೇನೆಯಲ್ಲಿಯೂ ಪಂಡಿತರು, ಗ್ರಂಥಿಗಳು, ಮೌಲ್ವಿಗಳು, ಪಾದ್ರಿಗಳು ಧರ್ಮಬೋಧಕರಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಅನೇಕ ದಂಡುಗಳಲ್ಲಿ ಎಲ್ಲರೂ ಒಂದೇ ಸೂರಿನಡಿ ಪ್ರಾರ್ಥಿಸುವ ಸರ್ವಧರ್ಮ ಸ್ಥಳಗಳಿವೆ. ಗಡಿಗೆ ಮಗನನ್ನು ಕಳಿಸಿದ ತಾಯಿಗೆ ಇದೊಂದು ಸಮಾಧಾನ.

ಪ್ರಿಯರೇ, ಸೇನಾ ಗುರು ಯುದ್ಧವನ್ನು ಆಶೀರ್ವದಿಸಲು ಹೋಗುವವರಲ್ಲ. ಹಾಗೆ ಆಶೀರ್ವದಿಸಿದವರೂ ಚರಿತ್ರೆಯಲ್ಲಿದ್ದಾರೆ. ಅದಕ್ಕಾಗಿ ನಾವು ತಲೆತಗ್ಗಿಸಬೇಕು. ಯಾರೂ ಒಂಟಿಯಾಗಿ ಸಾಯಬಾರದೆಂಬುದೇ ಅವರ ನಿಜವಾದ ಕೆಲಸ. ಬೆತ್ತಲೆಯಿದ್ದವನಿಗೆ ಉಡಿಸಿದ್ದು, ರೋಗಿಯನ್ನು ಆರೈಕೆ ಮಾಡಿದ್ದು ತಮಗೇ ಮಾಡಿದಂತೆ ಎಂದು ಯೇಸುಸ್ವಾಮಿ ಇಂದಿನ ಶುಭಸಂದೇಶದಲ್ಲಿ ನಮಗೆ ಹೇಳುತ್ತಾರೆ.

ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗಿ ಗುರುಗಳು ಅಭ್ಯಂಗ ನೀಡಿದರು. ನಾವಾದರೋ, ಹಾಸಿಗೆ ಹಿಡಿದ ಅಜ್ಜನಿಗಾಗಿ ಗುರುಗಳನ್ನು ಕರೆಯಲು ಹಿಂಜರಿಯುತ್ತೇವೆ. "ಸ್ವಾಮಿಗಳು ಬಂದರೆ ಅಜ್ಜ ಹೆದರಿಯಾರು" ಎನ್ನುತ್ತೇವೆ. ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಫೋನ್ ಮಾಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಮಾತಾಡಬಲ್ಲವರಾಗಿರುವಾಗಲೇ ಕರೆಯಿರಿ. ಪಾಪನಿವೇದನೆ ಮಾಡಲಿ, ಪರಮಪ್ರಸಾದ ಸ್ವೀಕರಿಸಲಿ. ಗುರುಗಳು ಹೊರಟ ಮೇಲೆ ನೀವೂ ಎದ್ದು ಹೋಗದೆ ಹತ್ತಿರ ಕುಳಿತು ಅವರ ಕೈ ಹಿಡಿದುಕೊಳ್ಳಿ.

ಮೃತರನ್ನು ಸ್ಮರಿಸುವ ಈ ತಿಂಗಳಲ್ಲಿ, ಯುದ್ಧದಲ್ಲಿ ಮಡಿದ ಎರಡೂ ಕಡೆಯವರಿಗಾಗಿ ಪ್ರಾರ್ಥಿಸೋಣ. ನಮ್ಮ ಸಮಯದ, ನಮ್ಮ ಪ್ರೀತಿಯ ಅರ್ಧ ಮೇಲಂಗಿಯನ್ನಾದರೂ ಕತ್ತರಿಸಿಕೊಡುವ ಮನಸ್ಸನ್ನು ಸಂತ ಮಾರ್ಟಿನ್ನರ ಬಿನ್ನಹದ ಮೂಲಕ ಪ್ರಭು ನಮಗೆ ದಯಪಾಲಿಸಲಿ. ಆಮೆನ್.