ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಮತ್ತು ಹೃದ್ರೋಗಿ

ಹೃದಯದಲ್ಲಿ ಲೋಹದ ಕವಾಟವನ್ನು ಜೋಡಿಸಿಕೊಂಡವರು ಜೀವನಪರ್ಯಂತ ಸೇವಿಸಬೇಕಾದ ವಾರ್ಫರಿನ್ ಮುಂತಾದ ಮಾತ್ರೆಗಳನ್ನು ಜನರು ‘ರಕ್ತ ತೆಳುವಾಗಿಸುವ ಮಾತ್ರೆ’ ಎಂದು ಕರೆಯುವುದು ರೂಢಿ. ಹೆಸರು ಅಷ್ಟು ಸರಿಯಾದುದಲ್ಲ. ಹಾಲಿಗೆ ನೀರು ಬೆರೆಸಿದಂತೆ ಇವುಗಳಿಂದ ರಕ್ತವು ತೆಳ್ಳಗಾಗುವುದಿಲ್ಲ. ಹೆಪ್ಪುಗಟ್ಟಲು ಅದಕ್ಕೆ ಹೆಚ್ಚು ಕಾಲ ಬೇಕಾಗುತ್ತದೆ, ಅಷ್ಟೆ.

ರಕ್ತವು ಹೆಪ್ಪುಗಟ್ಟಬೇಕಾದರೆ ಹಲವು ಪ್ರೋಟೀನುಗಳು ಒಂದರ ಹಿಂದೊಂದು ಕ್ರಿಯಾಶೀಲವಾಗಬೇಕು. ಅವುಗಳ ಪೈಕಿ 2, 7, 9 ಮತ್ತು 10ನೆಯ ಅಂಶಗಳನ್ನು ಯಕೃತ್ತು ಸಿದ್ಧಪಡಿಸುವಾಗ ‘ಕೆ’ ಜೀವಸತ್ವವು ಅತ್ಯಗತ್ಯ. ವಾರ್ಫರಿನ್ ಈ ಜೀವಸತ್ವವು ದೇಹದಲ್ಲಿ ಮತ್ತೆ ಮತ್ತೆ ಬಳಕೆಯಾಗುವುದನ್ನು ತಡೆಯುತ್ತದೆ. ಆಗ ತಯಾರಾಗುವ ಅಂಶಗಳು ಅಪೂರ್ಣವಾಗಿದ್ದು ತಮ್ಮ ಕೆಲಸ ಮಾಡಲಾರವು. ಆದರೆ ಮೊದಲೇ ರಕ್ತದಲ್ಲಿ ಸಂಚರಿಸುತ್ತಿರುವ ಅಂಶಗಳ ಗೊಡವೆಗೆ ಈ ಔಷಧಿಯು ಹೋಗುವುದಿಲ್ಲ. ಅವು ತಾವಾಗಿಯೇ ಕ್ಷೀಣಿಸಬೇಕು. 7ನೆಯ ಅಂಶವು ಸುಮಾರು 6 ಗಂಟೆಗಳಲ್ಲಿ ಅರ್ಧಕ್ಕಿಳಿದರೆ, 2ನೆಯದು ಅರ್ಧಕ್ಕಿಳಿಯಲು 60ರಿಂದ 72 ಗಂಟೆಗಳು ಬೇಕು. ಆದುದರಿಂದಲೇ ಮಾತ್ರೆಯ ಪೂರ್ಣ ಪರಿಣಾಮವು ಐದಾರು ದಿನಗಳ ನಂತರ ಕಾಣುತ್ತದೆ. ನಿಲ್ಲಿಸಿದರೂ ಕೆಲವು ದಿನ ಉಳಿಯುತ್ತದೆ. ಹಿಂದಿನ ದಿನ ಮರೆತುದನ್ನು ಸರಿದೂಗಿಸಲು ಮರುದಿನ ಎರಡರಷ್ಟು ನುಂಗುವುದು ತರವಲ್ಲ.

ಪರಿಣಾಮ ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು ಕಟ್ಟಿ ಅದು ಸಿಕ್ಕಿಕೊಳ್ಳಬಹುದು, ಇಲ್ಲವೇ ಹೆಪ್ಪಿನ ತುಣುಕು ಮಿದುಳನ್ನು ಸೇರಿ ಪಾರ್ಶ್ವವಾಯು ತಗಲಬಹುದು. ಹೆಚ್ಚಾದರೆ ಮಿದುಳು ಅಥವಾ ಜಠರದಲ್ಲಿ ರಕ್ತಸ್ರಾವ. ಈ ಎರಡರ ನಡುವಣ ದಾರಿಯನ್ನು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ತೋರಿಸುತ್ತದೆ. ಔಷಧಿ ಸೇವಿಸದ ಆರೋಗ್ಯವಂತರಲ್ಲಿ ಇದು ಸುಮಾರು 1. ಮಿಟ್ರಲ್ ಸ್ಥಾನದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5. ಬೇರೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳನ್ನು ಹೋಲಿಸಲು ಸಾಧ್ಯವಾಗಲೆಂದೇ ವಿಶ್ವ ಆರೋಗ್ಯ ಸಂಸ್ಥೆಯು 1983ರಲ್ಲಿ ಈ ಅಳತೆಯನ್ನು ಜಾರಿಗೆ ತಂದಿತು. ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಪುಣೆಯಲ್ಲಿಯೂ ಪರೀಕ್ಷೆ ಮಾಡಿಸಬಹುದು. ಹಿಂದಿನ ಫಲಿತಾಂಶಗಳನ್ನು ಬರೆದ ಪುಸ್ತಕ ಜೊತೆಯಲ್ಲಿರಬೇಕು.

ಸೊಪ್ಪು ತಿನ್ನಲೇಬಾರದೆಂಬುದು ತಪ್ಪು ತಿಳಿವಳಿಕೆ. ಪಾಲಕ್, ನುಗ್ಗೆ ಮುಂತಾದ ಸೊಪ್ಪುಗಳಲ್ಲಿ ‘ಕೆ’ ಜೀವಸತ್ವ ಹೇರಳವಾಗಿರುವುದು ನಿಜ. ಆದರೆ ತೊಂದರೆಯಿರುವುದು ಏರುಪೇರಿನಲ್ಲಿ. ಮುಂಬಯಿಯಲ್ಲಿ ವಾರಕ್ಕೊಮ್ಮೆ ಸೊಪ್ಪು ತಿನ್ನುವವರು ರಜೆಗೆ ಊರಿಗೆ ಹೋಗಿ ದಿನವೂ ಸೊಪ್ಪಿನ ಸಾರು ಉಂಡರೆ ಐ.ಎನ್.ಆರ್. ಇಳಿದೀತು. ಔಷಧಿಗಳದು ಇನ್ನೂ ದೊಡ್ಡ ಸಮಸ್ಯೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತಗ್ಗಿಸುತ್ತದೆ. ಅಂಗಡಿಯಿಂದ ಕೇಳಿ ತರುವ ಹಲವು ನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ಎಡೆಮಾಡುತ್ತವೆ. ಗರ್ಭದ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಶಿಶುವಿಗೆ ಹಾನಿಕರವಾಗಬಹುದಾದುದರಿಂದ, ಮಗುವನ್ನು ಬಯಸುವ ಸ್ತ್ರೀಯರು ಗರ್ಭಧರಿಸುವ ಮೊದಲೇ ವೈದ್ಯರೊಡನೆ ಸಮಾಲೋಚಿಸಬೇಕು. ಹಲ್ಲು ಕೀಳಿಸಬೇಕಾದರೂ ತಾವೇ ಮಾತ್ರೆ ನಿಲ್ಲಿಸಬಾರದು.

ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಔಷಧಿಗಳು ಈಗ ಬಂದಿವೆ. ಲೋಹದ ಕವಾಟವುಳ್ಳವರಿಗೆ ಅವು ಸಲ್ಲವು. ಅವುಗಳಲ್ಲೊಂದಾದ ಡಾಬಿಗಟ್ರಾನ್‌ನಿಂದ ಇಂಥ ರೋಗಿಗಳಲ್ಲಿ ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದುವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಕಪ್ಪು ಮಲ, ಕೆಂಪು ಮೂತ್ರ, ಹಠಾತ್ತನೆ ಬರುವ ತೀವ್ರ ತಲೆನೋವು, ಕೈಕಾಲಿನ ಬಲ ಕುಂದುವುದು, ಹೊಸದಾಗಿ ಕಾಣಿಸಿಕೊಂಡ ಉಬ್ಬಸ, ಎಂದಿನಂತೆ ಕೇಳಿಸುತ್ತಿದ್ದ ಕವಾಟದ ‘ಟಿಕ್’ ಸದ್ದು ಮಂದವಾಗುವುದು: ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಮುಂದಿನ ಪರೀಕ್ಷೆಯ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.