ಕೊಟ್ಟವರ ಹೆಸರು

ಕನ್ನಡ ನಾಡಿನ ಹಳೆಯ ಊರುಗಳಲ್ಲಿ, ದೇವಾಲಯದ ಅಂಗಳದಲ್ಲೋ ಕೆರೆಯ ಏರಿಯ ಬಳಿಯಲ್ಲೋ, ದಾನಶಾಸನವೊಂದು ನಿಂತಿರುವುದನ್ನು ನಿಮ್ಮಲ್ಲಿ ಬಹುಮಂದಿ ನೋಡಿರಬೇಕು. ಅದರ ಬರವಣಿಗೆಗೆ ಒಂದು ಕ್ರಮವುಂಟು. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದೇನು, ಆ ಭೂಮಿಯ ಎಲ್ಲೆ ಯಾವುದು ಎಂಬುದನ್ನೆಲ್ಲ ಹೇಳಿ, ಅನೇಕ ವೇಳೆ ಸಾಕ್ಷಿಗಳನ್ನೂ ಹೆಸರಿಸಿ, ಕೊನೆಗೆ ಧರ್ಮವನ್ನು ಕೆಡಿಸಿದವನಿಗೆ ಶಾಪವನ್ನು ನುಡಿಯುವುದು ವಾಡಿಕೆ. ಇದನ್ನು ಕಲ್ಲಿನಲ್ಲಿ ಕಡೆದು ಎಲ್ಲರ ಕಣ್ಣಿಗೆ ಬೀಳುವೆಡೆಯಲ್ಲಿ ನಿಲ್ಲಿಸಿದುದೇಕೆ? ಕೀರ್ತಿಯ ಆಸೆ ಇದ್ದಿರಬಹುದು. ಆದರೆ ಊರಿಗೆ ಸಂಬಂಧಿಸಿದ ಕೊಡುಗೆಯನ್ನು ಊರು ತಿಳಿದಿರಬೇಕೆಂಬ ವಿವೇಕವೂ ಅದರಲ್ಲಿ ಅಡಗಿದೆ.

ವ್ಯಾಪಾರ ಸಂಸ್ಥೆಗಳು ರಾಜಕೀಯ ಪಕ್ಷಗಳಿಗೆ ಕೊಡುವ ಹಣದ ವಿಚಾರಕ್ಕೆ ಬಂದಾಗ ಈ ವಿವೇಕ ನಮ್ಮಲ್ಲಿ ಎಷ್ಟರಮಟ್ಟಿಗೆ ಉಳಿದಿದೆ?

ಪ್ರಶ್ನೆ ಇಂದು ನಿನ್ನೆಯದಲ್ಲ. 1957ರಲ್ಲಿ, ಪಕ್ಷಗಳಿಗೆ ಹಣ ಕೊಡಲು ಅವಕಾಶವಾಗುವಂತೆ ತನ್ನ ಸ್ಥಾಪನಾ ಪತ್ರವನ್ನು ತಿದ್ದಿಕೊಳ್ಳಬೇಕೆಂದಿದ್ದ ಟಾಟಾ ಉಕ್ಕಿನ ಕಂಪನಿಯ ವಿಷಯ ಮುಂಬಯಿ ಹೈಕೋರ್ಟಿನ ಮುಂದೆ ಬಂದಿತು. ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರು, ಕಾನೂನಿನ ಅಡ್ಡಿಯಿಲ್ಲವೆಂದು ಒಪ್ಪಿಗೆಯಿತ್ತರು; ಆದರೆ ಈ ಪದ್ಧತಿ ಬೆಳೆದಲ್ಲಿ ಪ್ರಜಾಪ್ರಭುತ್ವಕ್ಕೇ ಅಪಾಯವೆಂದು ಸಂಸತ್ತನ್ನು ಎಚ್ಚರಿಸಲು ಮರೆಯಲಿಲ್ಲ. 1960ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿಯಾಗಿ, ಕೊಡುಗೆಗೆ ಮಿತಿಯೂ ಅದನ್ನು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವೂ ಬಂದುವು. 1969ರಲ್ಲಿ ಪೂರ್ಣ ನಿಷೇಧ. ಮುಂಬಾಗಿಲು ಮುಚ್ಚಿದರೆ ಹಣ ಹಿತ್ತಲ ಬಾಗಿಲನ್ನು ಹುಡುಕುತ್ತದೆ. 1985ರಲ್ಲಿ ನಿಷೇಧ ತೆರವಾಯಿತು. 2013ರ ಕಾಯಿದೆಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7.5ರ ಮಿತಿಯನ್ನಿಟ್ಟು, ಮೊತ್ತವನ್ನೂ ಪಕ್ಷದ ಹೆಸರನ್ನೂ ಲಾಭ-ನಷ್ಟದ ತಖ್ತೆಯಲ್ಲಿ ಕಾಣಿಸಬೇಕೆಂದಿತು.

2017ರ ಹಣಕಾಸು ಕಾಯಿದೆ ಈ ಮಿತಿಯನ್ನೂ ಪಕ್ಷದ ಹೆಸರನ್ನು ಕಾಣಿಸಬೇಕೆಂಬ ನಿಯಮವನ್ನೂ ತೆಗೆದುಹಾಕಿತು. ಲಾಭವನ್ನೇ ಕಾಣದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಯಿತು. ಯಾರಿಗೆ ಕೊಟ್ಟಿತೆಂದು ಹೇಳುವ ಅಗತ್ಯ ಉಳಿಯಲಿಲ್ಲ. ಮರುವರ್ಷ ಚುನಾವಣಾ ಬಾಂಡುಗಳು ಬಂದುವು. ಭಾರತೀಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗಳಲ್ಲಿ ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡನ್ನು ಕೊಂಡು ಪಕ್ಷಕ್ಕೆ ಕೊಡುವುದು. ಪಕ್ಷವು ಅದನ್ನು 15 ದಿನಗಳೊಳಗೆ ತನ್ನ ಖಾತೆಗೆ ಜಮೆ ಮಾಡುವುದು. ಬಾಂಡಿನ ಮೇಲೆ ಕೊಂಡವರ ಹೆಸರಿಲ್ಲ.

ಇದನ್ನು ಸಮರ್ಥಿಸಿದವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಹಣ ಬ್ಯಾಂಕಿನ ಮೂಲಕವೇ ಬರುತ್ತದೆ. ಹೆಸರು ಬಯಲಾದರೆ ವಿರೋಧಿ ಪಕ್ಷ ಅಧಿಕಾರಕ್ಕೆ ಬಂದಾಗ ಸೇಡು ತೀರಿಸಿಕೊಂಡೀತೆಂಬ ಭಯ ಕೊಡುವವರಿಗಿದೆ ಎಂದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರೂ ಹೇಳಲಿಲ್ಲವೇ?

ಹೇಳಿದರು, ನಿಜ. ಆದರೆ ಗುಪ್ತದಾನಕ್ಕೆ ಎರಡು ಲಕ್ಷಣಗಳು ಇರಲೇಬೇಕು. ಮೊದಲನೆಯದು, ಕೊಟ್ಟ ವಸ್ತು ಕೊಟ್ಟವನದಾಗಿರಬೇಕು. ಕಂಪನಿಯ ಹಣ ಅದರ ನಿರ್ದೇಶಕರ ಸ್ವಂತದ್ದಲ್ಲ. ನಾಲ್ಕು ಷೇರು ಕೊಂಡ ನಿವೃತ್ತ ಗುಮಾಸ್ತನದೂ ಅದರಲ್ಲಿ ಸೇರಿದೆ. ತನಗೆ ಒಪ್ಪಿಗೆಯಿಲ್ಲದ ಪಕ್ಷಕ್ಕೆ ತನ್ನ ಪಾಲು ಹೋಯಿತೇ ಎಂದು ತಿಳಿಯುವ ಹಕ್ಕು ಅವನಿಗೆ ಬೇಡವೇ? ಎರಡನೆಯದು, ಪಡೆದವನಿಗೂ ಕೊಟ್ಟವನಾರೆಂದು ತಿಳಿಯಬಾರದು. ಬಾಂಡನ್ನಾದರೋ ಕೈಯಿಂದ ಕೈಗೆ ಕೊಡಬಹುದಾಗಿತ್ತು. ಇದು ಇಂತಹವರ ಕೊಡುಗೆಯೆಂದು ಪಕ್ಷಕ್ಕೆ ತಿಳಿಸಲು ಅಡ್ಡಿಯಿರಲಿಲ್ಲ. ಕೊಡುವವರಿಗೂ ಪಡೆಯುವವರಿಗೂ ಗೊತ್ತಿದ್ದು, ಮತ ಹಾಕುವವನಿಗೆ ಮಾತ್ರ ಗೊತ್ತಿಲ್ಲದ ಕೊಡುಗೆಯನ್ನು ಗುಪ್ತದಾನವೆಂದು ಕರೆಯುವುದು ಆ ಹಳೆಯ ಮಾತಿಗೆ ಮಾಡುವ ಅಪಚಾರ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಮತದಾರನ ಮಾಹಿತಿಯ ಹಕ್ಕನ್ನು ಎತ್ತಿಹಿಡಿದು ಬಾಂಡು ಯೋಜನೆಯನ್ನು ಒಮ್ಮತದಿಂದ ರದ್ದುಗೊಳಿಸಿತು. ಕಂಪನಿ ಕಾಯಿದೆಗೆ 2017ರಲ್ಲಿ ಮಾಡಿದ್ದ ಆ ಬದಲಾವಣೆಗಳನ್ನೂ ತಳ್ಳಿಹಾಕಿತು. ವಿವರ ಒದಗಿಸಲು ಜೂನ್ ಕೊನೆಯವರೆಗೆ ಅವಕಾಶ ಬೇಡಿದ ಬ್ಯಾಂಕಿಗೆ ಅದು ದೊರೆಯಲಿಲ್ಲ. ಮಾರ್ಚಿಯಲ್ಲಿ ಪಟ್ಟಿ ಹೊರಬಿದ್ದಿತು. ಆರು ವರ್ಷಗಳಲ್ಲಿ ಮಾರಾಟವಾದ ಬಾಂಡುಗಳ ಒಟ್ಟು ಮೊತ್ತ 16,500 ಕೋಟಿ ರೂಪಾಯಿಗೂ ಮಿಕ್ಕಿತ್ತು. ಪಟ್ಟಿಯ ತುದಿಯಲ್ಲಿದ್ದುದು ಲಾಟರಿ ವ್ಯವಹಾರದ ಒಂದು ಸಂಸ್ಥೆ. ಅದು ಕೊಂಡದ್ದು 1,368 ಕೋಟಿಯ ಬಾಂಡುಗಳನ್ನು. ಸರಕಾರಿ ಸಂಸ್ಥೆಗಳ ತನಿಖೆಗೆ ಒಳಗಾಗಿದ್ದ ಕೆಲವು ಕಂಪನಿಗಳ ಹೆಸರೂ ಅಲ್ಲಿದ್ದುವು. ಇಷ್ಟರಿಂದಲೇ ಯಾರ ಅಪರಾಧವೂ ಸಿದ್ಧವಾಗುವುದಿಲ್ಲ. ಆದರೆ ಅನುಮಾನದ ಮಾತಾಗಿದ್ದುದು ಆಧಾರವುಳ್ಳ ಪ್ರಶ್ನೆಯಾಯಿತು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಹಲವು ಕಂಪನಿಗಳ ಹಣವನ್ನು ಒಟ್ಟುಗೂಡಿಸಿ ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟುಗಳಿವೆ. ಅವು ಕೊಟ್ಟವರ ಪಟ್ಟಿಯನ್ನೂ ಪಡೆದವರ ಪಟ್ಟಿಯನ್ನೂ ಒಪ್ಪಿಸುತ್ತವೆ. ಯಾರ ಹಣ ಯಾರಿಗೆ ಸಂದಿತೆಂಬ ಕೊಂಡಿ ಮಾತ್ರ ಅನೇಕ ವೇಳೆ ಕಾಣಸಿಗದು. ದಾನಿಯ ಹೆಸರನ್ನು ಒಂದು ಕಲ್ಲಿನಲ್ಲಿ, ದಾನ ಪಡೆದವನ ಹೆಸರನ್ನು ಇನ್ನೊಂದು ಕಲ್ಲಿನಲ್ಲಿ ಬರೆದಂತಾಯಿತು.

ಚುನಾವಣೆಗೆ ಹಣ ಬೇಕು. ಅದನ್ನು ಯಾರಾದರೂ ಕೊಡಲೇಬೇಕು. ಕೊಡುವುದು ತಪ್ಪಲ್ಲ, ಹೇಳದೆ ಕೊಡುವುದು ತಪ್ಪು. ಷೇರುಳ್ಳವರು ಮನೆಗೆ ಬರುವ ವಾರ್ಷಿಕ ವರದಿಯನ್ನು ಮೂಲೆಗೆಸೆಯದೆ ಆ ಒಂದು ಸಾಲನ್ನು ಹುಡುಕಿ ಓದಲಿ. ಮತವುಳ್ಳವರು ತಮ್ಮ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು, ನಿಮ್ಮ ಪಕ್ಷಕ್ಕೆ ಕೊಟ್ಟವರಾರೆಂದು ಕೇಳಲಿ. ಕೇಳುವವರು ಇದ್ದಾರೆಂದು ತಿಳಿದರೆ ಬರೆಯುವವರ ಕೈ ನೇರವಾಗುತ್ತದೆ.