ಗಂಡ ಹೋದ, ದಂಡ ಉಳೀತು



ಕಳೆದ ವಾರ ನಮ್ಮ ಕಚೇರಿಗೆ ಒಂದು ಫೋನ್ ಬಂತು. ಒಬ್ಬ ಹೆಣ್ಣುಮಗಳು. ಊರು, ಹೆಸರು ಬೇಡ. ಗಂಡನಿಗೆ ಒಂದು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆಗಿತ್ತು. ಜೈಲು, ಜೊತೆಗೆ ದಂಡ. ದಂಡದ ಹಣದಲ್ಲಿ ದೊಡ್ಡ ಪಾಲನ್ನು ನೊಂದವರಿಗೆ ಪರಿಹಾರವಾಗಿ ಕೊಡಬೇಕು ಅಂತ ಕೋರ್ಟು ಆದೇಶ ಮಾಡಿತ್ತು. ಮೇಲ್ಮನವಿ ಹಾಕಿದ್ರು. ಅದು ವಿಚಾರಣೆಗೆ ಬರೋ ಮೊದಲೇ ಗಂಡ ತೀರಿಕೊಂಡ.

"ಸಾರ್, ತಿಥಿ ಮುಗಿಸಿ ಕೂತಿದ್ದೀವಿ. ಊರಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಹೆಂಡ್ತಿ ಮಕ್ಳು ಕಟ್ಲೇಬೇಕು, ಇಲ್ದಿದ್ರೆ ನಿಮ್ಮನ್ನೇ ಒಳಗೆ ಹಾಕ್ತಾರೆ ಅಂತಾರೆ. ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ. ನನ್ನ ಸಂಬಳದಲ್ಲಿ ಹಿಡೀತಾರಾ?"

ಅಮ್ಮಾ, ಮೊದಲು ಇದನ್ನ ಕೇಳಿಸ್ಕೊಳ್ಳಿ. ನಿಮ್ಮನ್ನ ಯಾರೂ ಒಳಗೆ ಹಾಕಲ್ಲ. ಶಿಕ್ಷೆ ಅನ್ನೋದು ಆಸ್ತಿಪಾಸ್ತಿ ಥರ ಅಪ್ಪನಿಂದ ಮಗನಿಗೆ, ಗಂಡನಿಂದ ಹೆಂಡತಿಗೆ ಬರೋದಲ್ಲ. ದಂಡ ಕಟ್ಟದಿದ್ದರೆ ಇಷ್ಟು ತಿಂಗಳು ಹೆಚ್ಚುವರಿ ಜೈಲು ಅಂತ ತೀರ್ಪಿನಲ್ಲಿ ಬರೆದಿರುತ್ತಲ್ಲ, ಅದು ಆ ಮನುಷ್ಯನ ಜೊತೆಗೇ ಸುಟ್ಟುಹೋಯ್ತು. ನಿಮ್ಮ ಸಂಬಳಕ್ಕೂ ಕೈ ಹಾಕೋ ಹಾಗಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. 1860ರ ಭಾರತೀಯ ದಂಡ ಸಂಹಿತೆಯ 70ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 8ನೇ ಕಲಂ, ಒಂದು ಮಾತು ಹೇಳುತ್ತೆ. ಅಪರಾಧಿ ಸತ್ತರೂ, ಅವನ ಸಾಲಕ್ಕೆ ಯಾವ ಆಸ್ತಿ ಹೊಣೆಯಾಗುತ್ತಿತ್ತೋ ಆ ಆಸ್ತಿ ದಂಡದಿಂದ ಬಿಡುಗಡೆ ಆಗಲ್ಲ. ಅಂದರೆ ಸತ್ತವನ ಹೆಸರಿನ ಸೈಟು, ಜಮೀನು, ಬ್ಯಾಂಕಿನಲ್ಲಿಟ್ಟ ದುಡ್ಡು, ಇವುಗಳ ಬೆನ್ನಿಗೆ ದಂಡ ಅಂಟಿಕೊಂಡೇ ಇರುತ್ತೆ. ವಸೂಲಿಗೆ ಸಾಮಾನ್ಯವಾಗಿ ಆರು ವರ್ಷದ ಗಡುವು. ಜಿಲ್ಲಾಧಿಕಾರಿ ಮೂಲಕ ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೇ ಮಾಡಬಹುದು. ಕೋರ್ಟು ಪ್ರತ್ಯೇಕವಾಗಿ ಕೊಟ್ಟ ಪರಿಹಾರದ ಆದೇಶಕ್ಕೂ ಇದೇ ದಾರಿ, ಅದನ್ನೂ ದಂಡದ ಹಾಗೇ ವಸೂಲಿ ಮಾಡ್ತಾರೆ.

ನಮ್ಮ ಹೈಕೋರ್ಟಿನಲ್ಲೇ ಕೆಲ ವರ್ಷದ ಹಿಂದೆ ಹಾಸನದ ಒಂದು ವಿದ್ಯುತ್ ಪ್ರಕರಣ ಬಂದಿತ್ತು. ಸುಮಾರು 29 ಸಾವಿರ ರೂಪಾಯಿ ದಂಡ. ಮೇಲ್ಮನವಿ ಹಾಕಿದ ವ್ಯಕ್ತಿ ತೀರಿಕೊಂಡ್ರು, ಮುಂದುವರಿಸೋಕೆ ಮನೆಯವರು ಯಾರೂ ಬರಲಿಲ್ಲ. ದಂಡದ ವಿರುದ್ಧದ ಮೇಲ್ಮನವಿ ಸಾವಿನಿಂದ ಬಿದ್ದುಹೋಗಲ್ಲ, ದಂಡವನ್ನು ಅವರ ಆಸ್ತಿಯಿಂದ, ಇಲ್ಲವೇ ಆ ಆಸ್ತಿ ಪಡೆದವರಿಂದ ವಸೂಲಿ ಮಾಡಬಹುದು ಅಂತ ಕೋರ್ಟು ಹೇಳಿತು.

ಇನ್ನೊಂದು ಕಡೆ ನೋಡಿ. 2019ರಲ್ಲಿ, ಕರ್ನಾಟಕದಿಂದಲೇ ಹೋದ ಚೆಕ್ ಬೌನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಸುದಾರರು ದಂಡ ಕಟ್ಟಬೇಕಾಗಿಲ್ಲ, ಜೈಲಿಗೂ ಹೋಗಬೇಕಾಗಿಲ್ಲ, ಸತ್ತವರು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋಕೆ ಕೇಸು ಮುಂದುವರಿಸಬಹುದು ಅಂತ ಹೇಳಿದೆ. ಎರಡೂ ಎದುರುಬದುರು ಕಾಣ್ತವೆ. ನಾನು ಅರ್ಥ ಮಾಡಿಕೊಂಡಿರೋದು ಇಷ್ಟು: ಸ್ವಂತ ದುಡಿಮೆಯಿಂದ ಕಟ್ಟೋ ಹೊಣೆ ಮಗನಿಗಿಲ್ಲ, ಆದರೆ ಅಪ್ಪನ ಆಸ್ತಿ ನನಗೆ ಬೇಕು, ಅದರ ಮೇಲಿನ ದಂಡ ಬೇಡ ಅನ್ನೋಕೂ ಆಗಲ್ಲ. ಹತ್ತು ಲಕ್ಷದ ಆಸ್ತಿ ಬಂದಿದ್ದರೆ ಹತ್ತು ಲಕ್ಷದ ತನಕ. ಏನೂ ಬಂದಿಲ್ಲವೇ, ಏನೂ ಇಲ್ಲ.

ಹಳಬರು ಇದಕ್ಕಿಂತ ಉದಾರವಾಗಿದ್ದರು ಅನ್ನೋದು ಸ್ವಾರಸ್ಯದ ಸಂಗತಿ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ಮಿತಾಕ್ಷರ ವ್ಯಾಖ್ಯಾನ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂದ ಆ ಸ್ಮೃತಿಯೇ ಕುಡಿತದ ಸಾಲ, ಜೂಜಿನ ಸಾಲ, ಕಟ್ಟದೆ ಉಳಿದ ದಂಡ, ಇವನ್ನ ಮಗ ಕಟ್ಟಬೇಕಾಗಿಲ್ಲ ಅಂದಿತ್ತು. ಮಗನ ಆ ಧಾರ್ಮಿಕ ಹೊಣೆಯನ್ನೇ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆಮೇಲಿನ ಸಾಲಗಳಿಗೆ ತೆಗೆದುಹಾಕಿತು.

ಈಗ ದೊಡ್ಡವರ ವಿಷಯಕ್ಕೆ ಬರೋಣ. 29 ಸಾವಿರ ಅಲ್ಲ, 100 ಕೋಟಿ.

2014ರ ಸೆಪ್ಟೆಂಬರ್ 27. ಪರಪ್ಪನ ಅಗ್ರಹಾರ. ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲು, 100 ಕೋಟಿ ದಂಡ ವಿಧಿಸಿದರು. 2015ರ ಮೇ 11ಕ್ಕೆ ಹೈಕೋರ್ಟು ಖುಲಾಸೆ ಮಾಡಿತು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. 2016ರ ಜೂನ್‌ನಲ್ಲಿ ವಾದ ಮುಗಿದು ತೀರ್ಪು ಕಾಯ್ದಿರಿಸಿದರು. ಡಿಸೆಂಬರ್ 5ಕ್ಕೆ ಅವರು ನಿಧನರಾದರು. ತೀರ್ಪು ಬಂದಿದ್ದು 2017ರ ಫೆಬ್ರುವರಿ 14ಕ್ಕೆ. ಶಶಿಕಲಾ, ಇಳವರಸಿ, ಸುಧಾಕರನ್ ಜೈಲಿಗೆ ಹೋದರು. ಜಯಲಲಿತಾ ಅವರ ವಿರುದ್ಧದ ಮೇಲ್ಮನವಿ ಸಾವಿನಿಂದಾಗಿ ಅಲ್ಲಿಗೇ ನಿಂತುಹೋಯ್ತು.

ಕರ್ನಾಟಕ ಮತ್ತೆ ಬಾಗಿಲು ತಟ್ಟಿತು. ವಾದ ಮುಗಿದ ಮೇಲೆ ಸತ್ತಿದ್ದಾರೆ, ಹಾಗಾಗಿ ಪ್ರಕರಣ ಬಿದ್ದುಹೋಗಲ್ಲ, 100 ಕೋಟಿಯನ್ನ ಅವರ ಆಸ್ತಿಯಿಂದ ವಸೂಲಿ ಮಾಡಿಸಿಕೊಡಿ ಅಂತ. ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯ್ತು.

ಹಾಸನದವರ 29 ಸಾವಿರಕ್ಕೆ ಆಸ್ತಿ ಹೊಣೆ, ಇವರ 100 ಕೋಟಿಗೆ ಇಲ್ಲ, ಇದೆಂಥ ನ್ಯಾಯ ಅಂತ ನಿಮಗೆ ಸಿಟ್ಟು ಬರಬಹುದು. ನನಗೂ ಬಂದಿತ್ತು. ಆಮೇಲೆ ಕೂತು ಓದಿದೆ. ಹಾಸನದವರು ಸಾಯುವಾಗ ಅವರ ತಲೆ ಮೇಲೆ ಶಿಕ್ಷೆ ಇತ್ತು. ಜಯಲಲಿತಾ ಸಾಯುವಾಗ ಹೈಕೋರ್ಟಿನ ಖುಲಾಸೆ ಕೈಯಲ್ಲಿತ್ತು, ಮೇಲ್ಮನವಿ ಅವರದ್ದಲ್ಲ, ಸರ್ಕಾರದ್ದು. ಖುಲಾಸೆಯ ವಿರುದ್ಧ ಹೋದ ಸರ್ಕಾರದ ಮೇಲ್ಮನವಿ ಆರೋಪಿ ಸತ್ತರೆ ಸಾಯುತ್ತೆ. ಶಿಕ್ಷೆಯೇ ಇಲ್ಲದ ಮೇಲೆ ದಂಡ ಯಾವುದರ ಮೇಲೆ ನಿಲ್ಲಬೇಕು?

ಹಾಗಂತ ವಾರಸುದಾರರಿಗೆ ಎಲ್ಲಾ ಸಿಕ್ಕಿತು ಅಂದುಕೊಳ್ಳಬೇಡಿ. ಪ್ರಕರಣ ನಿಂತುಹೋಗಿದೆ, ಜಪ್ತಿ ಮಾಡಿದ್ದನ್ನ ನಮಗೆ ಕೊಡಿ ಅಂತ ಅವರ ಅಣ್ಣನ ಮಕ್ಕಳು ಬಂದರು. ನಮ್ಮ ಹೈಕೋರ್ಟು 2025ರ ಜನವರಿಯಲ್ಲಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಪ್ರಕರಣ ನಿಂತಿತು ಅಂದರೆ ನಿರಪರಾಧಿ ಅಂತ ತೀರ್ಪು ಬಂದ ಹಾಗಲ್ಲ, ಮುಟ್ಟುಗೋಲಿನ ಆದೇಶ ಹಾಗೇ ಇದೆ ಅನ್ನೋದು ಕಾರಣ. ಆ ಫೆಬ್ರುವರಿಯಲ್ಲಿ ಸುಮಾರು 27 ಕೆ.ಜಿ. ಚಿನ್ನ, 1,526 ಎಕರೆಯ ಕಾಗದಪತ್ರ ಬೆಂಗಳೂರಿನಿಂದ ತಮಿಳುನಾಡಿನ ಅಧಿಕಾರಿಗಳ ಕೈಸೇರಿತು.

ಇಷ್ಟೆಲ್ಲ ಮಾತಾಡುವಾಗ ಒಬ್ಬರನ್ನ ನಾವು ಮರೆತೇಬಿಡ್ತೀವಿ. ಆ ಪರಿಹಾರ ಯಾರಿಗೆ ಸೇರಬೇಕಿತ್ತೋ ಅವರನ್ನ. ದಂಡದಿಂದ ಕೊಡೋ ಪರಿಹಾರ ಮೇಲ್ಮನವಿ ಮುಗಿಯೋ ತನಕ ಕೈಗೆ ಬರೋ ಹಾಗಿಲ್ಲ, ಕಾನೂನೇ ಹಾಗಿದೆ. ಎಷ್ಟೋ ವರ್ಷ ಕಾಯ್ತಾರೆ, ಅಷ್ಟರಲ್ಲಿ ಅಪರಾಧಿ ಹೋಗಿಬಿಡ್ತಾನೆ. ಬದುಕಿದ್ದಾಗಲೇ ಸೈಟು ಬಾಮೈದನ ಹೆಸರಿಗೆ, ತೋಟ ಅತ್ತೆ ಹೆಸರಿಗೆ ಮಾಡಿದ್ದರೆ ಮುಟ್ಟುಗೋಲಿಗೆ ಸಿಗೋದು ಹಳೇ ಬೈಕೊಂದು. ಅಂಥವರಿಗೆ ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅಪರಾಧಿ ಬದುಕಿದ್ದಾನಾ, ದುಡ್ಡಿದೆಯಾ ಅಂತ ಅದು ಕೇಳಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಕೋರ್ಟಿನ ಆವರಣದಲ್ಲೇ ಆ ಕಚೇರಿ ಇದ್ದರೂ ಗೊತ್ತಿಲ್ಲದೆ ಅದರ ಮುಂದೆಯೇ ಓಡಾಡ್ತಾರೆ ಜನ.

ನಮಗೆ ಫೋನ್ ಮಾಡಿದ ಆ ಹೆಣ್ಣುಮಗಳಿಗೂ ಅದೇ ಕಚೇರಿ ಹೇಳಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಜೈಲು ಶಿಕ್ಷೆಯ ವಿರುದ್ಧದ ಮೇಲ್ಮನವಿಯನ್ನ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಮುಂದುವರಿಸಬಹುದು, ಆದರೆ ಸಾವಾದ 30 ದಿನದೊಳಗೆ ಕೋರ್ಟಿನ ಅನುಮತಿ ಕೇಳಬೇಕು. ಗೆದ್ದರೆ ದಂಡವೂ ಹೋಗುತ್ತೆ, ಗಂಡನ ಹೆಸರೂ ಉಳಿಯುತ್ತೆ.

"ಎಷ್ಟು ದಿನ ಆಯ್ತಮ್ಮಾ ತೀರಿಕೊಂಡು?" ಅಂದೆ.

ಒಂದು ನಿಮಿಷ ಬೆರಳೆಣಿಸಿರಬೇಕು. "ಇವತ್ತಿಗೆ ಇಪ್ಪತ್ತೊಂದು ಸಾರ್" ಅಂದ್ರು. ನಾಳೆ ಬೆಳಿಗ್ಗೆ ರಜೆ ಹಾಕಿ ಹೋಗಿ ಅಂದೆ.